ಹೆರೆನ್‌ಬೆರ್ಗ್‌ನಲ್ಲಿ ಮನೆ ಹೂಡಿದ ಕಥೆ

(ಪುಣೆಯಲ್ಲಿ ಕನ್ನಡಿಗರ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜರ್ಮನಿಯ ಬಗ್ಗೆ ಮಾತಾಡಿ ಅಂತ ಕರೆದಾಗ, ಫೋಟೋ ತೋರಿಸುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟೆ. ಕೋಟೆ, ಸರೋವರ, ಕ್ರಿಸ್‌ಮಸ್ ಸಂತೆ ಎಲ್ಲ ನಿಮ್ಮ ಫೋನಿನಲ್ಲೇ ಸಿಗುತ್ತವೆ. ಇಲ್ಲಿ ಕೂತವರಲ್ಲಿ ಚಾಕಣ್, ಪಿಂಪ್ರಿ, ರಾಂಜಣಗಾವ್ ಕಡೆಯ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವವರು ಜಾಸ್ತಿ. ಇವತ್ತಲ್ಲ ನಾಳೆ ನಿಮ್ಮಲ್ಲಿ ಕೆಲವರನ್ನು ಕಂಪನಿ ಅಲ್ಲಿಗೆ ಕಳಿಸುತ್ತದೆ. ಕಳಿಸುವುದು ಬರ್ಲಿನ್‌ಗಲ್ಲ. ಕಾರಿನ ಬಿಡಿಭಾಗ ತಯಾರಾಗುವ ಯಾವುದೋ ಸಣ್ಣ ಊರಿಗೆ. ಜೊತೆಗೆ ಹೆಂಡತಿಯೋ ಗಂಡನೋ ಹೋಗುತ್ತಾರೆ. ಆ ಜೊತೆಗೆ ಹೋಗುವವರಿಗಾಗಿ ಈ ಮಾತು. ಕೆಲಸಕ್ಕೆ ಹೋಗುವವರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಅವರಿಗೆ ಹೋದ ದಿನವೇ ಒಂದು ಕುರ್ಚಿ, ಒಂದು ಗುರುತಿನ ಕಾರ್ಡು, ಮಧ್ಯಾಹ್ನದ ಊಟಕ್ಕೆ ನಾಲ್ಕು ಜನ ಸಿಕ್ಕಿಬಿಡುತ್ತಾರೆ.

ನಾವಿದ್ದದ್ದು ಹೆರೆನ್‌ಬೆರ್ಗ್‌ನಲ್ಲಿ. ಜರ್ಮನಿಯ ನೈಋತ್ಯ ಮೂಲೆಯಲ್ಲಿ, ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿದೆ. ಸ್ಟುಟ್‌ಗಾರ್ಟ್‌ನಿಂದ ಲೋಕಲ್ ರೈಲು ಹಿಡಿದರೆ ಕೊನೆಯ ಸ್ಟೇಷನ್. (ಸ್ಟುಟ್‌ಗಾರ್ಟ್ ಮತ್ತು ಮುಂಬೈ 1968ರಿಂದ ಸೋದರ ನಗರಗಳು. ಹೆರೆನ್‌ಬೆರ್ಗ್‌ನ ಲೋಕಲ್‌ನಲ್ಲಿ ಕೂರಲು ಜಾಗ ಸಿಗುತ್ತದೆ ಅನ್ನುವುದೊಂದೇ ಆ ಸೋದರರ ನಡುವಿನ ವ್ಯತ್ಯಾಸ ಅಂತ ನಮ್ಮವರು, ಅಂದರೆ ನನ್ನ ಗಂಡ, ಹೇಳುತ್ತಿದ್ದರು.) ಊರಿನ ಜನಸಂಖ್ಯೆ 30,000ಕ್ಕಿಂತ ಸ್ವಲ್ಪ ಜಾಸ್ತಿ, ಪುಣೆಯ ಒಂದು ವಾರ್ಡಿನಷ್ಟೂ ಇಲ್ಲ. ಮರದ ತೊಲೆಗಳು ಹೊರಗೆ ಕಾಣುವ ಹಳೇ ಮನೆಗಳ ನಡುವೆ ಒಂದು ಚೌಕ. ಮೇಲೆ ಗುಡ್ಡದಲ್ಲಿ ದೊಡ್ಡ ಚರ್ಚು, ಅದರ ಗೋಪುರದಲ್ಲಿ ಗಂಟೆಗಳ ವಸ್ತುಸಂಗ್ರಹಾಲಯ. ಊರು ಮುಗಿದಲ್ಲಿ ಕಾಡು.

ಪುಣೆಯಲ್ಲಿ ಸಂಸಾರ ಮಾಡಿದವರಿಗೆ ಅರ್ಧ ತರಬೇತಿ ಇಲ್ಲೇ ಆಗಿರುತ್ತದೆ. ಮಧ್ಯಾಹ್ನ 1ರಿಂದ 4ರವರೆಗೆ ಅಂಗಡಿ ಮುಚ್ಚಿದರೆ ನಮಗೆ ಸಿಟ್ಟು ಬರುವುದಿಲ್ಲ. ಪೇಠೆಗಳ ಗೋಡೆ ಮೇಲಿನ ಪುಣೇರಿ ಪಾಟಿಗಳನ್ನು, ಅಂದರೆ ಖಾರವಾದ ಎಚ್ಚರಿಕೆ ಫಲಕಗಳನ್ನು, ಓದಿ ಬೈಸಿಕೊಂಡು ಅಭ್ಯಾಸವಾಗಿದೆ. ಓಲಾ ಕಚರಾ (ಹಸಿ ಕಸ) ಒಂದು ಬಕೆಟ್, ಸುಕಾ ಕಚರಾ (ಒಣ ಕಸ) ಒಂದು ಬಕೆಟ್ ಅನ್ನುವುದನ್ನು ಕಸ ಒಯ್ಯಲು ಬರುವ ತಾಯಿ ನಮಗೆ ಕಲಿಸಿದ್ದಾಳೆ. ಆದರೆ ಇಲ್ಲಿ ಪಾಟಿಯ ಕೆಳಗೇ ಗಾಡಿ ನಿಲ್ಲಿಸಿ, ‘ಕಾಕಾ, ಐದೇ ನಿಮಿಷ’ ಅಂದರೆ ನಡೆಯುತ್ತದೆ. ಅಲ್ಲಿ ನಡೆಯುವುದಿಲ್ಲ. ಇದನ್ನು ಕೇಳಿ ಎಷ್ಟೋ ಜನ ‘ಅಯ್ಯೋ, ಎಂಥ ಒರಟು ಜನ’ ಅನ್ನುತ್ತಾರೆ. ನನಗೆ ಹಾಗೆ ಅನಿಸಲಿಲ್ಲ. ಯಾರ ಪರಿಚಯವೂ ಇಲ್ಲದವರಿಗೆ ನಿಯಮವೇ ಅನುಕೂಲ. ನಿಯಮಕ್ಕೆ ನಿಮ್ಮ ಹೆಸರು, ಊರು, ಬಣ್ಣ ಗೊತ್ತಿರುವುದಿಲ್ಲ. ಎಲ್ಲವೂ ಮುಲಾಜಿನ ಮೇಲೆ ನಡೆಯುವ ಊರಿನಲ್ಲಿ ಹೊಸಬರಿಗೆ ಕಷ್ಟ ಜಾಸ್ತಿ, ಅಲ್ವಾ?

ಮನೆಯಿಂದ ಶುರು ಮಾಡುತ್ತೇನೆ. ಬಾಡಿಗೆ ಮನೆಯ ಬಾಗಿಲು ತೆಗೆದರೆ ಅಡುಗೆಮನೆಯಲ್ಲಿ ಅಡುಗೆಮನೆಯೇ ಇರಲಿಲ್ಲ. ಒಂದು ನಲ್ಲಿಯ ಪೈಪು, ಒಂದು ಪ್ಲಗ್ಗು, ಅಷ್ಟೇ. ಚಾವಣಿಯಲ್ಲಿ ದೀಪವಿರಬೇಕಾದ ಜಾಗದಲ್ಲಿ ಎರಡು ತಂತಿ ನೇತಾಡುತ್ತಿದ್ದವು. ಇದು ನಮಗೆ ಮಾತ್ರ ಆದ ಮೋಸವಲ್ಲ, ಅಲ್ಲಿ ಬಹಳ ಮನೆಗಳು ಹಾಗೇ ಸಿಗುತ್ತವೆ. ಬಿಟ್ಟು ಹೋಗುವವರು ಸಿಂಕು, ಒಲೆ, ಕಪಾಟು ಎಲ್ಲವನ್ನೂ ಕಿತ್ತುಕೊಂಡು ಹೋಗುತ್ತಾರೆ, ಇಲ್ಲವೇ ಬರುವವರಿಗೆ ಮಾರುತ್ತಾರೆ. ಹಾಗಾಗಿ ಮನೆ ನೋಡಲು ಹೋದಾಗ ‘ಅಡುಗೆಮನೆ ಇದೆಯಾ’ ಅಂತ ಕೇಳಿ. ಇದ್ದರೆ ಹಳೆಯದಾದರೂ ಕೊಂಡುಬಿಡಿ. ಠೇವಣಿಯ ಹೆದರಿಕೆ ಬೇಡ. ಕಾನೂನಿನ ಪ್ರಕಾರ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ನಮ್ಮ ಮೊದಲ ಅಡುಗೆ ನೆಲದ ಮೇಲೆ ಇಟ್ಟ ಕರೆಂಟಿನ ಒಲೆಯ ಮೇಲೆ ಆಯಿತು. ಅನ್ನ, ಮೊಸರು, ಊರಿಂದ ಒಯ್ದ ಶೇಂಗಾ ಚಟ್ನಿಪುಡಿ.

ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ಹೆಸರು ನೋಂದಾಯಿಸಬೇಕು. ಮನೆ ಮಾಲೀಕರು ಸಹಿ ಮಾಡಿದ ಒಂದು ಹಾಳೆ ಬೇಕು. ಆ ಅರ್ಜಿಯಲ್ಲಿ ಧರ್ಮದ ಕಾಲಂ ನೋಡಿ ನಮ್ಮವರು ಸ್ವಲ್ಪ ಗಾಬರಿಯಾದರು. ಆ ಕಾಲಂ ಇರುವ ಕಾರಣ ಏನಂದರೆ, ಕ್ಯಾಥಲಿಕ್ ಅಥವಾ ಪ್ರೊಟೆಸ್ಟೆಂಟ್ ಚರ್ಚಿಗೆ ಸೇರಿದವರ ಆದಾಯ ತೆರಿಗೆಯ ಮೇಲೆ ಶೇ. 8ರಷ್ಟು ಚರ್ಚ್ ತೆರಿಗೆಯನ್ನು ಸರ್ಕಾರವೇ ಹಿಡಿದು ಚರ್ಚಿಗೆ ಕೊಡುತ್ತದೆ. ನಮಗೆ ಅದು ಇಲ್ಲ. ಆಮೇಲೆ ಬಾಗಿಲ ಬೆಲ್ಲಿನ ಮೇಲೆ, ಟಪಾಲು ಪೆಟ್ಟಿಗೆಯ ಮೇಲೆ ಹೆಸರು ಅಂಟಿಸಬೇಕು. ಮನೆಗೆ ಕಾಗದ ಬರುವುದು ಹೆಸರಿನ ಮೇಲೆ, ಫ್ಲ್ಯಾಟ್ ನಂಬರಿನ ಮೇಲಲ್ಲ. ನಮ್ಮವರ ಪಾಸ್‌ಪೋರ್ಟಿನಲ್ಲಿ ಕೊನೆಗೆ ಊರಿನ ಹೆಸರು, ನನ್ನದರಲ್ಲಿ ಅಪ್ಪನ ಹೆಸರು. ಪೆಟ್ಟಿಗೆಯ ಮೇಲೆ ಎರಡೂ ಹಾಕಿದೆವು. ಆ ಮನೆಯಲ್ಲಿ ಅಷ್ಟು ಉದ್ದದ ಚೀಟಿ ಮತ್ತ್ಯಾರದೂ ಇರಲಿಲ್ಲ.

ಹೆಸರು ಅಂಟಿಸಿದ ಮೇಲೆ ಬಂದ ಮೊದಲ ಕಾಗದ ಯಾವುದು ಗೊತ್ತಾ? ರೇಡಿಯೋ-ಟಿವಿ ಶುಲ್ಕದ್ದು. ಮನೆಗೆ ತಿಂಗಳಿಗೆ 18.36 ಯೂರೋ. ನಮ್ಮ ಮನೆಯಲ್ಲಿ ಟಿವಿ ಇಲ್ಲ ಅಂತ ಬರೆಯಲು ಕೂತಿದ್ದರು ನಮ್ಮವರು. ಟಿವಿ ಇರಲಿ ಬಿಡಲಿ, ಮನೆ ಇದ್ದರೆ ಕೊಡಬೇಕು. ಅಲ್ಲಿ ಇದರ ಬಗ್ಗೆ ಗೊಣಗುವುದು ಜರ್ಮನರಿಗೂ ಇಷ್ಟ. ಮೇಲಿನ ಮನೆಯವರ ಜೊತೆ ಮೊದಲ ಸಲ ಮನಸಾರೆ ಮಾತಾಡಿದ್ದು ಇದೇ ವಿಷಯಕ್ಕೆ.

ಈಗ ನಾನು ಹೇಳಲು ಬಂದ ಮುಖ್ಯ ಮಾತು. ಹೋಗುವ ಮುಂಚೆ ನಮಗೆ ಸಲಹೆ ಕೊಟ್ಟವರೆಲ್ಲ ಒಂದೇ ಮಾತು ಹೇಳಿದ್ದರು: ಅಕ್ಕಪಕ್ಕದವರನ್ನು ಊಟಕ್ಕೆ ಕರೆಯಿರಿ, ಗುಲಾಬ್ ಜಾಮೂನು ಕೊಡಿ, ಸ್ನೇಹ ಆಗುತ್ತದೆ ಅಂತ. ಆ ಊರಿನಲ್ಲಿ ಅದು ತಲೆಕೆಳಗು. ಮೊದಲು ಊಟಕ್ಕೆ ಕರೆದರೆ ಅವರಿಗೆ ಮುಜುಗರ, ವಾಪಸ್ ಕರೆಯಬೇಕಲ್ಲ ಅಂತ. ಆ ಮನೆಯಲ್ಲಿ ನಾವೂ ಒಬ್ಬರಾದದ್ದು ಎರಡು ಕೆಲಸಗಳಿಂದ. ಒಂದು ಪಾರ್ಸೆಲ್, ಇನ್ನೊಂದು ಪೊರಕೆ.

ಪಾರ್ಸೆಲ್ಲಿನ ವಿಷಯ ಹೀಗೆ. ಅಲ್ಲಿ ಪಾರ್ಸೆಲ್ ತರುವವರು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದವರಿಗೆ ಕೊಟ್ಟು, ಪೆಟ್ಟಿಗೆಯಲ್ಲಿ ಒಂದು ಚೀಟಿ ಹಾಕಿ ಹೋಗುತ್ತಾರೆ. ಆ ಕಟ್ಟಡದಲ್ಲಿ ಹಗಲು ಹೊತ್ತು ಮನೆಯಲ್ಲಿ ಇರುತ್ತಿದ್ದವಳು ನಾನೊಬ್ಬಳೇ. ಅದು ಅವರಿಗೆ ಬೇಗ ಗೊತ್ತಾಯಿತು. ಎಲ್ಲರ ಪಾರ್ಸೆಲ್ಲೂ ನಮ್ಮ ಮನೆಗೆ. ಚಪ್ಪಲಿ, ಔಷಧಿ, ಒಂದು ಸಲ ಸೈಕಲ್ಲಿನ ಗಾಲಿ, ಒಂದು ಸಲ ಹೂವಿನ ಗಡ್ಡೆಗಳು. ಸಂಜೆ ಆರರ ಮೇಲೆ ಒಬ್ಬೊಬ್ಬರೇ ಬೆಲ್ ಒತ್ತುತ್ತಿದ್ದರು. ಬಾಗಿಲಲ್ಲಿ ನಿಂತು ಎರಡು ಮಾತು. ನನ್ನ ಭಾಷೆ ಎಷ್ಟು ಹರಕಲಾದರೂ ಅಲ್ಲಿಗೆ ಸಾಕಾಗುತ್ತಿತ್ತು. ನಮ್ಮವರು ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಮಾತಾಡಿ ಬರುವ ಹೊತ್ತಿಗೆ ನನಗೆ ಯಾರ ಮಗಳಿಗೆ ಯಾವ ಪರೀಕ್ಷೆ, ಯಾರಿಗೆ ಮಂಡಿ ನೋವು ಎಲ್ಲ ಗೊತ್ತಿರುತ್ತಿತ್ತು. ಊರಿನಲ್ಲಿ ಅವರನ್ನು ಗುರುತಿಸುತ್ತಿದ್ದದ್ದು ನನ್ನ ಗಂಡ ಅಂತ. ಇದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆ, ಮುಚ್ಚಿಡುವುದಿಲ್ಲ.

ಇನ್ನು ಪೊರಕೆ. ಆ ಸೀಮೆಯಲ್ಲಿ ಕೇರ್‌ವೋಖೆ ಅಂತ ಒಂದು ಹಳೇ ರೂಢಿ. ಗುಡಿಸುವ ಪಾಳಿ. ಈ ವಾರ ನಮ್ಮ ಪಾಳಿ ಅಂದರೆ ಬಾಗಿಲ ಹಿಡಿಕೆಗೆ ಒಂದು ಸಣ್ಣ ಫಲಕ ನೇತುಹಾಕುತ್ತಾರೆ. ಚಿಕ್ಕ ಪಾಳಿ ಅಂದರೆ ನಮ್ಮ ಮಹಡಿಯ ಮುಂದಿನ ಜಾಗ, ಅಲ್ಲಿಂದ ಕೆಳಗಿನ ಮಹಡಿಯವರೆಗೆ ಮೆಟ್ಟಿಲು. ದೊಡ್ಡ ಪಾಳಿ ಅಂದರೆ ನೆಲಮಾಳಿಗೆ, ಅಂಗಳ, ಮುಂದಿನ ಫುಟ್‌ಪಾತು, ಕಸದ ಡಬ್ಬಗಳ ಸುತ್ತಲಿನ ಜಾಗ. ಚಳಿಗಾಲದಲ್ಲಿ ಹಿಮ ಬಿದ್ದರೆ ಫುಟ್‌ಪಾತಿನ ಹಿಮ ತೆಗೆಯುವುದೂ ಅದರಲ್ಲೇ ಬರುತ್ತದೆ. ಸಾಮಾನ್ಯವಾಗಿ ಕೆಲಸದ ದಿನ ಬೆಳಿಗ್ಗೆ 7ಕ್ಕೆ ಮುಂಚೆ ಮುಗಿಸಬೇಕು. ಯಾರಾದರೂ ಜಾರಿ ಬಿದ್ದರೆ ಹೊಣೆ ನಿಮ್ಮ ತಲೆಗೆ ಬರಬಹುದು.

ನಾನು ಧಾರವಾಡದವಳು. ಬೆಳಿಗ್ಗೆ ಅಂಗಳ ಗುಡಿಸಿ ನೀರು ಹಾಕುವುದು ನನಗೇನೂ ಹೊಸದಲ್ಲ. ಆದರೆ ನಮ್ಮಲ್ಲಿ ಅದು ನಮ್ಮ ಅಂಗಳ. ಸಾರ್ವಜನಿಕ ಜಾಗವನ್ನು ಇಂಜಿನಿಯರು, ಮೇಷ್ಟ್ರು, ನಿವೃತ್ತ ಜಡ್ಜ್ ಎಲ್ಲರೂ ಪಾಳಿಯ ಮೇಲೆ ಗುಡಿಸುವುದನ್ನು ನಾನು ಅಲ್ಲೇ ಮೊದಲು ನೋಡಿದ್ದು. ಇಲ್ಲಿನ ಸೊಸೈಟಿಯಲ್ಲಿ ಮೆಟ್ಟಿಲಿಗೆ ಬೇರೆ ಹೆಂಗಸು ಬರುತ್ತಾಳೆ. ಅವಳಿಗೆ ಕೊಡುವ ದುಡ್ಡಿನ ಬಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಜಗಳವಾಡುತ್ತೇವೆ. ಅಲ್ಲಿ ಹಣ ಕೊಟ್ಟು ಮಾಡಿಸುವವರೂ ಇದ್ದಾರೆ, ಈಚೆಗೆ ಅಂಥ ಕಟ್ಟಡಗಳು ಜಾಸ್ತಿಯಾಗುತ್ತಿವೆಯಂತೆ. ನಮ್ಮ ಕಟ್ಟಡ ಹಳೇ ಕಾಲದ್ದು.

ಮೊದಲ ಪಾಳಿ ಮುಗಿದ ಶನಿವಾರ ಕೆಳಗಿನ ಮನೆಯ ಅಜ್ಜಿ ಹೊರಗೆ ಬಂದರು. ಮೆಟ್ಟಿಲ ಮೂಲೆಯನ್ನು ಬೆರಳಿನಿಂದ ಸವರಿ ನೋಡಿದರು. ಏನೂ ಅನ್ನಲಿಲ್ಲ. ಆ ಸೀಮೆಯಲ್ಲಿ ಬೈಯಲಿಲ್ಲ ಅಂದರೆ ಹೊಗಳಿದ ಹಾಗೆ ಅಂತ ಆಮೇಲೆ ಗೊತ್ತಾಯಿತು. ಮುಂದಿನ ವಾರ ಅವರೇ ಬಾಗಿಲು ತಟ್ಟಿ, ನಿಮ್ಮ ಮನೆಯಿಂದ ಬರುವ ಸೀಟಿ ಏನು ಅಂತ ಕೇಳಿದರು. ಕುಕ್ಕರ್! ಏನೋ ಕೆಟ್ಟಿದೆ ಅಂತ ಹೆದರಿಕೊಂಡಿದ್ದರಂತೆ. ಒಳಗೆ ಕರೆದು ತೋರಿಸಿದೆ. ಬೇಳೆ ಬೇಯುವವರೆಗೂ ನಿಂತು ನೋಡಿದರು. ಆ ಮನೆಯಲ್ಲಿ ನಮಗೆ ಬಂದ ಮೊದಲ ಅತಿಥಿ ಅವರೇ, ಕರೆಯದೆ ಬಂದವರು.

ಭಾನುವಾರದ ಬಗ್ಗೆ ಸ್ವಲ್ಪ ಹೇಳಬೇಕು. ಅಂಗಡಿಗಳು ಪೂರ್ತಿ ಬಂದ್. ಬೇಕರಿ ಕೆಲವು ತಾಸು, ಪೆಟ್ರೋಲ್ ಬಂಕು, ದೊಡ್ಡ ರೈಲು ನಿಲ್ದಾಣಗಳ ಅಂಗಡಿ, ಅಷ್ಟೇ. ಇದು ಬರೀ ರೂಢಿಯಲ್ಲ. ಭಾನುವಾರ ವಿಶ್ರಾಂತಿಯ ದಿನ ಅಂತ 1919ರ ವೈಮಾರ್ ಸಂವಿಧಾನದಲ್ಲಿ ಬರೆದಿದ್ದರು, 1949ರ ಸಂವಿಧಾನ ಅದನ್ನು ಹಾಗೇ ಉಳಿಸಿಕೊಂಡಿದೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಗಾಜಿನ ಬಾಟಲಿಗಳನ್ನು ರಸ್ತೆ ಬದಿಯ ದೊಡ್ಡ ಡಬ್ಬಕ್ಕೆ ಹಾಕುವಂತಿಲ್ಲ, ಸದ್ದಾಗುತ್ತದೆ. (ಬೇರೆ ದಿನ ಹಾಕುವಾಗಲೂ ಬಿಳಿ, ಹಸಿರು, ಕಂದು ಬೇರೆ ಬೇರೆ.) ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿಕ್ಸಿ ಹಾಕಬೇಡಿ. ನಮ್ಮ ಮಿಕ್ಸಿ ಅಲ್ಲಿ ನಡೆಯುತ್ತದೆ, ಕರೆಂಟು ಅಲ್ಲೂ 230 ವೋಲ್ಟ್. ಮೂರು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರ್ ಬೇಕು. ಮೊದಲ ಭಾನುವಾರಗಳು ಬಹಳ ಉದ್ದ ಅನಿಸಿದವು. ಗಂಡ-ಹೆಂಡತಿ ಇಬ್ಬರೇ, ಕಿಟಕಿಯಾಚೆ ಮಳೆ, ಕೊಳ್ಳಲು ಹೋಗೋಣ ಅಂದರೆ ಅಂಗಡಿ ಇಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಬಿಡುವಿಲ್ಲದೆ ಮುಂದೂಡಿದ ಜಗಳಗಳೆಲ್ಲ ಆ ಭಾನುವಾರಗಳಲ್ಲಿ ಮುಗಿದವು.

ಜಗಳಕ್ಕೆ ಕಾರಣಗಳೂ ಹೊಸವು. ಕಿಟಕಿ ಒಂದು. ಚಳಿಗಾಲದಲ್ಲಿ ದಿನಕ್ಕೆ ಎರಡು ಮೂರು ಸಲ ಕಿಟಕಿಗಳನ್ನು ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿ ಆಡಿಸಬೇಕು, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಬಾಡಿಗೆ ಕರಾರಿನಲ್ಲೇ ಬರೆದಿತ್ತು. ಹೊರಗೆ ಸೊನ್ನೆ ಡಿಗ್ರಿ, ಒಳಗೆ ಹೀಟರಿಗೆ ದುಡ್ಡು ಸುರಿದಿದ್ದೇವೆ, ಆ ಬಿಸಿಯನ್ನು ಹೊರಗೆ ಬಿಡುವುದೇ ಅಂತ ಅವರು. ಒಗ್ಗರಣೆಯ ಆವಿ ಗೋಡೆಗೆ ಕೂತರೆ ಠೇವಣಿ ಹೋಗುತ್ತದೆ ಅಂತ ನಾನು. ಕತ್ತಲೆ ಇನ್ನೊಂದು. ಡಿಸೆಂಬರಿನಲ್ಲಿ ಬೆಳಿಗ್ಗೆ 8 ದಾಟಿದ ಮೇಲೆ ಸೂರ್ಯ, ಸಂಜೆ 4.30ಕ್ಕೆ ಕತ್ತಲು. ಅವರು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದರು. ಧಾರವಾಡದ ಅಮ್ಮನಿಗೆ ಫೋನು ಮಾಡುವ ಹೊತ್ತೂ ತಪ್ಪುತ್ತಿತ್ತು. ಬೇಸಿಗೆಯಲ್ಲಿ ಮೂರೂವರೆ ತಾಸಿನ ವ್ಯತ್ಯಾಸ, ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಹಿಂದೆ ತಿರುಗಿಸಿದ ಮೇಲೆ ನಾಲ್ಕೂವರೆ. ಗಡಿಯಾರ ತಿರುಗಿಸುವುದನ್ನು ಅಮ್ಮ ಕೊನೆಯವರೆಗೂ ನಂಬಲಿಲ್ಲ.

ಊಟದ ಮಾತು ಬೇಗ ಮುಗಿಸುತ್ತೇನೆ, ಅದು ನೀವು ಅಂದುಕೊಂಡಷ್ಟು ಕಷ್ಟವಿಲ್ಲ. ಮಜ್ಜಿಗೆ ಎಲ್ಲ ಅಂಗಡಿಯಲ್ಲೂ ಡಬ್ಬಿಯಲ್ಲಿ ಸಿಗುತ್ತದೆ. ಉಪ್ಪಿಟ್ಟಿಗೆ ಆಗುವ ರವೆ ಸಿಗುತ್ತದೆ. ಜೋಳದ ಹಿಟ್ಟು, ಕರಿಬೇವಿಗೆ ಸ್ಟುಟ್‌ಗಾರ್ಟ್‌ನ ಭಾರತೀಯ ಅಂಗಡಿಗೆ ಹೋಗಬೇಕು. ಇಡ್ಲಿ ಹಿಟ್ಟು ಚಳಿಯಲ್ಲಿ ಹುದುಗುವುದಿಲ್ಲ, ಓವನ್ನಿನ ದೀಪ ಮಾತ್ರ ಹಚ್ಚಿ ಅದರೊಳಗೆ ಇಡಿ. ಕೊತ್ತಂಬರಿ, ಬೆಂಡೆಕಾಯಿ, ಗುಂಡು ಬದನೆ, ಕಡಲೆ ಇವಕ್ಕೆಲ್ಲ ಟರ್ಕಿಯವರ ಅಂಗಡಿ. ಜರ್ಮನಿ 1961ರಲ್ಲಿ ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ ಕೆಲಸಗಾರರನ್ನು ಕರೆಸಿತು. ವಾಪಸ್ ಹೋಗುತ್ತಾರೆ ಅಂದುಕೊಂಡಿದ್ದರು, ಬಹಳ ಜನ ಹೋಗಲಿಲ್ಲ. ನಾನು ಹೋಗುತ್ತಿದ್ದ ಅಂಗಡಿಯ ಹೆಂಗಸು ಅಲ್ಲೇ ಹುಟ್ಟಿದವಳು, ಅಲ್ಲಿನ ಶ್ವಾಬಿಷ್ ಆಡುಭಾಷೆಯನ್ನು ಊರಿನವರ ಹಾಗೇ ಮಾತಾಡುತ್ತಿದ್ದಳು. ಅವಳ ಅಪ್ಪ ಮಾತ್ರ ಗಲ್ಲೆಯ ಹಿಂದೆ ಕೂತು ಟರ್ಕಿಯ ಪೇಪರ್ ಓದುತ್ತಿದ್ದ. ಪುಣೆಯಲ್ಲೇ ಹುಟ್ಟಿ ಮರಾಠಿಯಲ್ಲಿ ಕನಸು ಕಾಣುವ ನಮ್ಮ ಮಕ್ಕಳು, ಕನ್ನಡ ಪೇಪರಿಗೆ ಕಾಯುವ ನಮ್ಮ ಮಾವಂದಿರು ನೆನಪಾಗುತ್ತಿದ್ದರು.

ಭಾಷೆಯ ಬಗ್ಗೆ ನನ್ನದು ಖಡಾಖಂಡಿತ ಅಭಿಪ್ರಾಯ. ಬ್ಲೂ ಕಾರ್ಡ್ (ಓದಿದ ವಿದೇಶಿ ನೌಕರರಿಗೆ ಕೊಡುವ ಪರವಾನಗಿ) ಇರುವವರ ಗಂಡ-ಹೆಂಡತಿಗೆ ವೀಸಾಕ್ಕೆ ಮುಂಚೆ ಜರ್ಮನ್ ಪರೀಕ್ಷೆ ಬೇಕಿಲ್ಲ. ಕಾನೂನು ಕೊಟ್ಟ ಈ ಸಡಿಲಿಕೆಯನ್ನು ಬಳಸಿಕೊಳ್ಳಬೇಡಿ. ಇಲ್ಲೇ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಒಂದೆರಡು ಹಂತ ಮುಗಿಸಿಕೊಂಡು ಹೋಗಿ. ಅಲ್ಲಿಗೆ ಹೋದ ಮೇಲೆ ಊರೂರಿನಲ್ಲಿ ಇರುವ ಜನರ ಶಾಲೆ, ಅಂದರೆ ಫೋಲ್ಕ್ಸ್‌ಹೋಖ್‌ಶೂಲೆಗೆ ಸೇರಿ. ಸರ್ಕಾರದ ಪೂರ್ತಿ ಕೋರ್ಸಿನಲ್ಲಿ 600 ತಾಸು ಭಾಷೆ, 100 ತಾಸು ದೇಶದ ಕಾನೂನು, ಇತಿಹಾಸ. ನನ್ನ ತರಗತಿಯಲ್ಲಿ ಸಿರಿಯಾ, ಉಕ್ರೇನ್, ಬ್ರೆಜಿಲ್‌ನವರಿದ್ದರು. ಬಿಡುವಿನಲ್ಲಿ ಎಲ್ಲರೂ ಹರಕಲು ಜರ್ಮನ್ನಿನಲ್ಲೇ ಮಾತಾಡಬೇಕು, ಬೇರೆ ದಾರಿ ಇಲ್ಲ. ಅಲ್ಲಿ ನಾಲಿಗೆ ಸಡಿಲವಾಯಿತು.

ಒಂದು ಮಾತು ಅಡ್ಡ ಬರುತ್ತದೆ, ಹೇಳಿಬಿಡುತ್ತೇನೆ. ಹೆರೆನ್‌ಬೆರ್ಗ್‌ನಿಂದ ಸಣ್ಣ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಟ್ಯೂಬಿಂಗನ್. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಅಲ್ಲಿ. ಅವರು ಹುಟ್ಟಿದ ಬ್ರಾಕೆನ್‌ಹೈಮ್ ಕೂಡ ಅದೇ ವ್ಯುರ್ಟೆಂಬೆರ್ಗ್ ಸೀಮೆಯ ಸಣ್ಣ ಊರು. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ಧಾರವಾಡದಲ್ಲಿ ಕಿಟೆಲ್ ಕಾಲೇಜಿನ ಮುಂದೆ ಓಡಾಡಿ ಬೆಳೆದವಳು ನಾನು. ಕೆಳಗಿನ ಅಜ್ಜಿಗೆ ಇದನ್ನು ಹೇಳಿದೆ. ನಿಮ್ಮ ಕಡೆಯವರು ನಮ್ಮೂರಿಗೆ ಬಂದು ನಮ್ಮ ಭಾಷೆ ಕಲಿತು ಪತ್ರಿಕೆ, ನಿಘಂಟು ಎಲ್ಲ ಮಾಡಿದ್ದಾರೆ ಅಂತ. ‘ಹಾಗಾದರೆ ನೀವೂ ಬೇಗ ಕಲಿಯಿರಿ’ ಅಂದರು. ಅಷ್ಟೇ. ನಾನು ಕಣ್ಣೀರು ನಿರೀಕ್ಷಿಸಿದ್ದೆ.

ಸಂಘಗಳ ಬಗ್ಗೆ ಹೇಳದಿದ್ದರೆ ಕನ್ನಡಿಗರ ಸಭೆಯಲ್ಲಿ ಮಾತಾಡಿದ ಹಾಗಾಗುವುದಿಲ್ಲ. ನಾವು ಎಲ್ಲಿ ಹೋದರೂ ಸಂಘ ಕಟ್ಟುತ್ತೇವೆ. ಮುಂಬೈನ ಮೈಸೂರು ಅಸೋಸಿಯೇಷನ್ 1926ರಷ್ಟು ಹಳೆಯದು. ಜರ್ಮನರೂ ಈ ವಿಷಯದಲ್ಲಿ ನಮ್ಮವರೇ. ಏಳು ಜನ ಸೇರಿದರೆ ಒಂದು ಸಂಘ ನೋಂದಾಯಿಸಬಹುದು ಅಂತ ಅವರ ಕಾನೂನು. ಹಾಡುವುದಕ್ಕೆ, ಕೋಳಿ ಸಾಕುವುದಕ್ಕೆ, ಸೇಬಿನ ತೋಟಕ್ಕೆ, ಎಲ್ಲಕ್ಕೂ ಒಂದು. ಸಣ್ಣ ಊರುಗಳಲ್ಲಿ ಬೆಂಕಿ ಆರಿಸುವವರೂ ಊರಿನ ಸ್ವಯಂಸೇವಕರೇ. ನಾವು ಗುಡ್ಡ, ಕಾಡುಗಳಲ್ಲಿ ನಡೆದಾಡುವವರ ಸಂಘಕ್ಕೆ ಸೇರಿದೆವು. ಅದು 1888ರಲ್ಲಿ ಶುರುವಾದ ಶ್ವಾಬಿಷ್ ಆಲ್ಬ್‌ಫೆರೈನ್. ಭಾನುವಾರಗಳ ಸಮಸ್ಯೆ ಅಲ್ಲಿಗೆ ತೀರಿತು. ಪುಣೆಯ ಹತ್ತಿರದ ಸಿಂಹಗಡ ಕೋಟೆ ಹತ್ತಿ ಅಭ್ಯಾಸವಿದ್ದ ನಮ್ಮವರು ಗುಡ್ಡದಲ್ಲಿ ಮುಂದೆ ಮುಂದೆ ಹೋಗುತ್ತಿದ್ದರು. ಆಫೀಸಿನಲ್ಲಿ ಯಾರಿಗೂ ಬಾಯಿಬಿಡದ ಮನುಷ್ಯ, ಎಪ್ಪತ್ತು ದಾಟಿದ ಮುದುಕರ ಜೊತೆ ನಡೆಯುತ್ತ ನಡೆಯುತ್ತ ಮಾತು ಕಲಿತರು. ಅಲ್ಲೂ ಸ್ನೇಹ ಗಟ್ಟಿಯಾದದ್ದು ಕಾಡಿನ ದಾರಿಯ ಗುರುತುಗಳಿಗೆ ಬಣ್ಣ ಬಳಿಯುವ ಪಾಳಿ ಇವರ ಪಾಲಿಗೆ ಬಂದ ಮೇಲೆ.

ನನ್ನ ಮಾತು ಇಷ್ಟು. ಈಗ ಪ್ರಶ್ನೆಗಳು.

ಒಬ್ಬರು ಪಿಎಫ್ ಬಗ್ಗೆ ಕೇಳಿದರು. ಇಲ್ಲಿನ ಕಂಪನಿಯ ನೌಕರಿಯಲ್ಲೇ ಇದ್ದು ಅಲ್ಲಿಗೆ ಕಳಿಸಿದರೆ, ಪಿಎಫ್ ಕಚೇರಿಯಿಂದ ಒಂದು ಪ್ರಮಾಣಪತ್ರ ತೆಗೆದುಕೊಂಡು ಹೋಗಬಹುದು. ಆಗ 48 ತಿಂಗಳವರೆಗೆ ಅಲ್ಲಿ ಪಿಂಚಣಿ ವಂತಿಗೆ ಕಟ್ಟಬೇಕಿಲ್ಲ. ಎರಡು ದೇಶಗಳ ಈ ಒಪ್ಪಂದ 2017ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ನಮ್ಮವರದು ಅಲ್ಲಿನ ಕಂಪನಿಯ ಕರಾರು, ಹಾಗಾಗಿ ಅಲ್ಲೇ ಕಟ್ಟಿದರು. ಆರೋಗ್ಯ ವಿಮೆಯಲ್ಲಿ ಸಂಪಾದನೆ ಇಲ್ಲದ ನನ್ನ ಹೆಸರು ಬೇರೆ ದುಡ್ಡಿಲ್ಲದೆ ಸೇರಿತು, ನನ್ನ ಫೋಟೋ ಇರುವ ಬೇರೆ ಕಾರ್ಡೇ ಬಂತು.

ಅಪ್ಪ-ಅಮ್ಮನನ್ನು ಕರೆಸಿಕೊಳ್ಳಬಹುದಾ ಅಂತ ಒಬ್ಬ ಅತ್ತಿಗೆ ಕೇಳಿದರು. ಪ್ರವಾಸಿ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಇರಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಮೇ ಅಥವಾ ಜೂನಿನಲ್ಲಿ ಕರೆಸಿ. ಆಗ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ, ವಯಸ್ಸಾದವರಿಗೆ ಮನೆಯೊಳಗೆ ಕೂತು ಬೇಜಾರಾಗುವುದಿಲ್ಲ.

ಕೊನೆಗೆ ಒಬ್ಬ ಹುಡುಗ ನಾಚಿಕೊಂಡು ಕೇಳಿದ: ಕೆಲಸ ಸಿಕ್ಕಿರುವುದು ಹೆಂಡತಿಗೆ, ಹಿಂದೆ ಹೋಗುವವನು ತಾನು, ಗಂಡಸು ಮನೆಯಲ್ಲಿ ಕೂತರೆ ಅಲ್ಲಿನವರು ಏನಂದುಕೊಳ್ಳುತ್ತಾರೆ ಅಂತ. ಪಾರ್ಸೆಲ್ ತೆಗೆದಿಟ್ಟುಕೊಂಡರೆ, ಪಾಳಿ ತಪ್ಪಿಸದಿದ್ದರೆ ಅಲ್ಲಿನವರು ಏನೂ ಅಂದುಕೊಳ್ಳುವುದಿಲ್ಲ ಅಂದೆ. ಹಿಂದೆ ಹೋದವರಿಗೂ ಕೆಲಸ ಮಾಡುವ ಹಕ್ಕು ಇರುತ್ತದೆ, ಭಾಷೆ ಬಂದ ಮೇಲೆ ಹುಡುಕು ಅಂತಲೂ ಹೇಳಿದೆ. ಇಲ್ಲಿರುವ ನಿನ್ನ ಅತ್ತೆ ಏನಂದುಕೊಳ್ಳುತ್ತಾರೆ ಅನ್ನುವುದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ಮತ್ತೆ, ಪೊರಕೆ ಇಲ್ಲಿಂದ ಒಯ್ಯಬೇಡ. ಅಲ್ಲಿನದಕ್ಕೆ ಉದ್ದ ಹಿಡಿಕೆ, ಸೊಂಟಕ್ಕೆ ಒಳ್ಳೆಯದು.